ಸ್ಕ್ಯಾನಿಂಗ್ ಕೋಣೆಯ ನಿದ್ದೆಯಕ್ಕ

ನಾನು ಅವರನ್ನು ಮೊದಲು ಕಂಡದ್ದು ಒಂದು ಮಂಗಳವಾರ ಬೆಳಿಗ್ಗೆ, ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ. ಹತ್ತು ತಿಂಗಳ ಮೊಮ್ಮಗಳು ನನ್ನ ಹೆಗಲ ಮೇಲೆ ತೂಕಡಿಸುತ್ತಿದ್ದಳು. ಅವಳಿಗೆ ಹುಟ್ಟಿನಿಂದ ಕಿವಿ ಕೇಳದು. ಒಳಗಿವಿಯಲ್ಲಿ ಯಂತ್ರ ಕೂರಿಸಿದರೆ ಕೇಳೀತು. ಆದರೆ ಅಲ್ಲಿಂದ ಮೆದುಳಿಗೆ ಸಾಗುವ ನರ ಇರಬೇಕು. ಬೇರೊಂದು ಆಸ್ಪತ್ರೆಯ ಎಂಆರ್‌ಐ ವರದಿ 'ಎರಡೂ ಕಡೆ ನರ ಕಾಣುತ್ತಿಲ್ಲ' ಎಂದಿತ್ತು. ಶಸ್ತ್ರವೈದ್ಯರು, ಇನ್ನೊಮ್ಮೆ ನೋಡಿಬಿಡೋಣವೆಂದು ಇಲ್ಲಿಗೆ ಕಳುಹಿಸಿದ್ದರು.

ಮಗು ಎದ್ದೀತೆಂದು ನಾನು ತುಟಿಯ ಮೇಲೆ ಬೆರಳಿಟ್ಟು, ತಳ್ಳುಗಾಡಿಯವನನ್ನೂ ಕಸ ಗುಡಿಸುವಾಕೆಯನ್ನೂ ಸುಮ್ಮನಿರಿಸುತ್ತಿದ್ದೆ. ಅಷ್ಟರಲ್ಲಿ ಸ್ವೆಟರು ತೊಟ್ಟ, ಕನ್ನಡಕವನ್ನು ತಲೆಗೇರಿಸಿಕೊಂಡ ಹೆಂಗಸೊಬ್ಬರು ಬಾಗಿಲು ತೆರೆದರು. ಸ್ಕ್ಯಾನಿಂಗ್ ಯಂತ್ರ ನಡೆಸುವವರು. ಆಸ್ಪತ್ರೆಯಲ್ಲಿ ಎಲ್ಲರಿಗೂ ನಿದ್ದೆಯಕ್ಕ.

"ನೀವು ಮೇಷ್ಟ್ರಾ?"

"ಹೇಗೆ ಗೊತ್ತಾಯ್ತು?"

"ಕಾರಿಡಾರನ್ನೇ ಕ್ಲಾಸು ಮಾಡ್ಬಿಟ್ಟಿದೀರಲ್ಲ. ಈ ಮಗೂಗೆ ಸದ್ದಲ್ಲ ಸಾರ್, ಬೆಳಕು ಮತ್ತೆ ಅಲುಗಾಟ ಶತ್ರು. ದೀಪ ಆರಿಸ್ತೀನಿ, ನೀವು ಹೆಗಲು ಕುಣಿಸ್ಬೇಡಿ."

ಪಕ್ಕದಲ್ಲಿದ್ದ ನನ್ನ ಮಗಳು, ಮಗುವಿನ ತಾಯಿ, ನಕ್ಕಳು. ಅವಳು ನಕ್ಕು ವಾರಗಳೇ ಆಗಿದ್ದವು.

ನಿದ್ದೆಯಕ್ಕನ ಪದ್ಧತಿ ಬೇರೆಯೇ. ಎಳೆಯ ಕೂಸುಗಳಿಗೆ, ಆದಷ್ಟೂ, ಮದ್ದು ಕೊಟ್ಟು ಮಲಗಿಸುವುದಿಲ್ಲ. ನಸುಕಿನಿಂದ ಎಚ್ಚರವಿರಿಸಲು ತಾಯಿಗೆ ಮೊದಲೇ ಹೇಳಿರುತ್ತಾರೆ. ಯಂತ್ರದ ಕೋಣೆಯ ಪಕ್ಕದಲ್ಲೇ ಹಾಲುಣಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಉಸಿರು ನಿಧಾನವಾಗುವವರೆಗೂ ಕಾಯುತ್ತಾರೆ. ಮೊಮ್ಮಗಳ ಕಿವಿಗೂ ಮೆತ್ತೆ ಕಟ್ಟಿದರು.

"ಕೇಳದ ಕಿವಿಗೆ ಇದ್ಯಾಕಮ್ಮ?" ಎಂದೆ.

"ಚೂರುಪಾರು ಉಳಿದಿದ್ರೆ ಅದು ಅವಳದ್ದು. ಯಂತ್ರದ ಗದ್ದಲಕ್ಕೆ ನಾನ್ಯಾಕೆ ಅದನ್ನ ಕಳೀಲಿ?"

ಹಳೆಯ ಚಿತ್ರಗಳನ್ನು ಅವರು ಮುಂಚೆಯೇ ನೋಡಿದ್ದರು. "ಬೆಂಡೆಕಾಯನ್ನ ಉದ್ದಕ್ಕೆ ಸೀಳಿದ್ರೆ ಒಳಗೆಷ್ಟು ಕೋಣೆ ಅಂತ ತಿಳಿಯಲ್ಲ, ಅಡ್ಡಡ್ಡ ಹೆಚ್ಚಬೇಕು. ಇಲ್ಲೂ ಹಾಗೇ, ಅವ್ರು ಉದ್ದಕ್ಕೆ ಮಾತ್ರ ತೆಗೆದಿದಾರೆ. ನರಗಳ ದಾರಿಗೆ ಅಡ್ಡವಾಗಿ ಚಿತ್ರ ತೆಗೆದ್ರೆ ನಾಲ್ಕು ಚುಕ್ಕೆ ಕಾಣಬೇಕು, ಅದರಲ್ಲೊಂದು ಕೇಳಿಸೋ ನರ. ಕಂಡ್ವೋ ಇಲ್ವೋ ಅನ್ನೋದನ್ನ ಮಾತ್ರ ಡಾಕ್ಟರೇ ಹೇಳ್ತಾರೆ."

ಅರ್ಧದಲ್ಲಿ ಮಗು ಮಿಸುಕಿತು. ಚಿತ್ರ ಮಸುಕಾಯಿತು. ನಿದ್ದೆಯಕ್ಕ ಯಂತ್ರ ನಿಲ್ಲಿಸಿ, ಒಳಗೆ ಹೋಗಿ, ಮಗುವಿನ ಎದೆಯ ಮೇಲೆ ಅಂಗೈಯಿಟ್ಟು ಕುಳಿತರು. ಹೊರಗೆ ಮಂಡಿಯ ಸ್ಕ್ಯಾನಿಗೆಂದು ಕಾದಿದ್ದವರೊಬ್ಬರು ಗೊಣಗಲು ಶುರುಮಾಡಿದರು. ನಿದ್ದೆಯಕ್ಕ ಬಾಗಿಲಿನಿಂದ ತಲೆ ಹೊರಚಾಚಿ, "ಯಜಮಾನ್ರೇ, ನಿಮ್ಮ ಮಂಡಿನೋವು ಸಂಜೆವರೆಗೂ ಇರತ್ತೆ, ಈ ನಿದ್ದೆ ಇರಲ್ಲ" ಎಂದರು. ಆತ ತಾನೇ ನಕ್ಕು ಕುಳಿತ. ಇಪ್ಪತ್ತು ನಿಮಿಷದ ಮೇಲೆ ಅದೇ ಭಾಗದ ಚಿತ್ರವನ್ನು ಮೊದಲಿನಿಂದ ತೆಗೆದರು.

ಸಂಜೆ ಚಿತ್ರ ಓದುವ ವೈದ್ಯರು ನಮ್ಮನ್ನು ಕರೆದು ಪರದೆ ತೋರಿಸಿದರು. ಬಲಗಡೆ ಮೂರೇ ಚುಕ್ಕೆ. ಎಡಗಡೆ ನಾಲ್ಕು. "ನಾಲ್ಕನೇದು ಸಣ್ಣದು. ಆದ್ರೆ ಇದೆ" ಎಂದರು. ಮಗಳು ನನ್ನ ಕೈಯನ್ನು ಹಿಡಿದ ರಭಸಕ್ಕೆ ಉಂಗುರ ಬೆರಳಿಗೆ ಒತ್ತಿತು.

ಎಡಗಿವಿಗೆ ಶಸ್ತ್ರಚಿಕಿತ್ಸೆಯಾಯಿತು. ಕಿವಿಯ ಯಂತ್ರ ಚಾಲೂ ಮಾಡಿದ ಕೆಲವು ವಾರಗಳಿಗೆ, ಅಡಿಗೆಮನೆಯಲ್ಲಿ ಚಮಚ ಬಿದ್ದ ಸದ್ದಿಗೆ ಮಗು ಕತ್ತು ಹೊರಳಿಸಿತು. ಸುದ್ದಿ ತಿಳಿಸಲು ನಾನೇ ನೆಲಮಾಳಿಗೆಗೆ ಹೋದೆ.

"ಒಳ್ಳೇದು ಮಾಡಿದ್ರಿ, ಮೇಷ್ಟ್ರೆ. ನಾವು ಚಿತ್ರ ತೆಗೆದು ಕಳಿಸ್ತೀವಿ. ಆಮೇಲೇನಾಯ್ತು ಅಂತ ಬಂದು ಹೇಳೋರು ಕಮ್ಮಿ" ಎಂದು, ಕನ್ನಡಕ ತೆಗೆದು ಸ್ವೆಟರಿನ ತುದಿಯಿಂದ ಬಹಳ ಹೊತ್ತು ಒರೆಸಿದರು.

ಈಗ ಅವರು ಶನಿವಾರಗಳಂದು ಬಸ್ಸು ಹಿಡಿದು, ಮೊದಲ ವರದಿ ಕೊಟ್ಟಿದ್ದ ಆ ಆಸ್ಪತ್ರೆಗೇ ಹೋಗುತ್ತಾರೆ. ಅಲ್ಲಿನ ಹುಡುಗಿಯರಿಗೆ ಕಿವಿಯ ಚಿತ್ರ ತೆಗೆಯುವುದನ್ನು ಕಲಿಸುತ್ತಾರೆ. ಮೊದಮೊದಲು ಆ ಹುಡುಗಿಯರು ಮುಖ ಊದಿಸಿಕೊಂಡಿದ್ದರಂತೆ. ಈಗ ಊಟದ ಡಬ್ಬಿಯಲ್ಲಿ ಇವರಿಗೂ ಪಾಲು ಇರುತ್ತದೆ. ಕಲಿಸುವಾಗ ನಿದ್ದೆಯಕ್ಕ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರೆ. ಹುಡುಗಿಯರು ಎಷ್ಟು ತಡ ಮಾಡಿದರೂ ತಾವು ಯಂತ್ರವನ್ನು ಮುಟ್ಟುವುದಿಲ್ಲ.