ಹೊಸ್ತಿಲಾಚೆ ಬಿಟ್ಟ ಚಪ್ಪಲಿ

ಈ ಸಲ ಯುಗಾದಿಗೆ ಮುಂಚೆ ಬೇಸ್‌ಮೆಂಟ್ ಗುಡಿಸುತ್ತಿದ್ದಾಗ ಹಳೆಯ ಸೂಟ್‌ಕೇಸುಗಳ ಹಿಂದೆ ಒಂದು ಬಟ್ಟೆಯ ಗಂಟು ಸಿಕ್ಕಿತು. ಬಿಚ್ಚುವ ಮೊದಲೇ ವಾಸನೆ ಬಂತು. ಒದ್ದೆ ತೊಗಟೆ, ಒಲೆಯ ಹೊಗೆ, ಅದರೊಳಗೆ ಎಲ್ಲೋ ಸ್ವಲ್ಪ ಹುಳಿ... ಇಷ್ಟು ವರ್ಷವಾದರೂ ಆ ಚರ್ಮ ತನ್ನ ಊರನ್ನು ಮರೆತಿರಲಿಲ್ಲ. ನಾನು ಪೊರಕೆ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮೇಲೆ ಕುಕ್ಕರ್ ಕೂಗುತ್ತಿತ್ತು. ಕೂಗಲಿ ಅಂತ ಬಿಟ್ಟೆ.

ಗಂಟಿನಲ್ಲಿದ್ದದ್ದು ಅವರು ನನಗೆ ಹೆಣೆದುಕೊಟ್ಟ ಚಪ್ಪಲಿ. ಅವರು ಅಂದರೆ, ನ್ಯೂಯಾರ್ಕಿನ ಪಕ್ಕದ ಹ್ಯಾರಿಸನ್‌ನಲ್ಲಿ ನಾವು ಬಾಡಿಗೆಗಿದ್ದ ಮನೆಯ ಕೆಳಗೆ ಶೂ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಮೆಕ್ಸಿಕೋದವರು. ಎಂಬತ್ತರ ದಶಕದ ಮಾತು. ಆಗ ಹ್ಯಾರಿಸನ್ ಈಗಿನ ಹಾಗಿರಲಿಲ್ಲ. ಸುತ್ತ ಫ್ಯಾಕ್ಟರಿಗಳು, ಇಟ್ಟಿಗೆ ಗೋಡೆಗಳು, ಬೆಳಗಾದರೆ ನ್ಯೂಯಾರ್ಕಿಗೆ ಹೋಗುವ ರೈಲಿನ ಸದ್ದು. ನಮ್ಮ ಅಡುಗೆಮನೆಯ ಮೂಲೆಯಲ್ಲಿ ದೇವರ ಗೂಡು, ಅದರ ನೇರ ಕೆಳಗೆ ಅವರ ಹೊಲಿಗೆ ಮಿಷನ್ನು. ಹೋದ ಹೊಸದರಲ್ಲಿ ಅಂಟಿನ ವಾಸನೆ, ಚರ್ಮದ ವಾಸನೆ ನೆಲದ ಹಲಗೆಯ ಸಂದಿಯಿಂದ ಮೇಲೆ ಬರುತ್ತಿತ್ತು. ದೇವರ ಮುಂದೆ ಎಷ್ಟು ಊದಿನಕಡ್ಡಿ ಹಚ್ಚಿದರೂ ಅದರದ್ದೇ ಮೇಲುಗೈ. ಬೇರೆ ಮನೆ ನೋಡಿ ಅಂತ ನಮ್ಮನೆಯವರಿಗೆ ದುಂಬಾಲು ಬಿದ್ದೆ.

"ದೇವರೂ ಇಲ್ಲಿ ಬಾಡಿಗೆಗೇ ಇರೋದು ಕಣೇ, ಅಡ್ಜಸ್ಟ್ ಮಾಡ್ಕೋತಾನೆ ಬಿಡು" ಅಂದರು ಇವರು.

ದೇವರು ಅಡ್ಜಸ್ಟ್ ಮಾಡಿಕೊಂಡನೋ, ನಾನೇ ಮಾಡಿಕೊಂಡೆನೋ. ಮೊದಲ ಚಳಿಗಾಲದಲ್ಲಿ ಬಾಯ್ಲರ್ ಕೆಟ್ಟು ಮನೆ ಐಸ್‌ಪೆಟ್ಟಿಗೆಯಾದಾಗ, ಅವರು ತಮ್ಮ ಅಂಗಡಿಯ ಹೀಟರನ್ನೇ ಹೊತ್ತು ತಂದು ಬಾಗಿಲಲ್ಲಿಟ್ಟು, "ಮಗುವಿಗೆ" ಅಂತಷ್ಟೇ ಹೇಳಿ ಇಳಿದುಹೋದರು. ಆಮೇಲೆ ಆ ವಾಸನೆ ನನಗೆ ವಾಸನೆ ಅನ್ನಿಸಲಿಲ್ಲ. ಇಂಥ ಚಿಕ್ಕ ಚಿಕ್ಕ ಕೃಪೆಗಳಲ್ಲೇ ನಾನು ಈ ದೇಶದಲ್ಲಿ ಬದುಕಿದ್ದು.

ಅಂದಿನಿಂದ ಪೂಜೆ ಮಾಡಿದ ದಿನ ಒಂದು ಬಟ್ಟಲು ಸಜ್ಜಿಗೆ ಕೆಳಗೂ ಹೋಗುತ್ತಿತ್ತು. ಅವರು ಎಡಗೈಯವರು. ಸುತ್ತಿಗೆ, ಕತ್ತರಿ, ಸೂಜಿ ಎಲ್ಲ ಎಡಗೈಯಲ್ಲೇ. ಪ್ರಸಾದ ಕೊಡಹೋದರೆ ಎಡಗೈಯನ್ನೇ ಚಾಚುತ್ತಿದ್ದರು. ನಾನು ಬಟ್ಟಲು ಹಿಂದಕ್ಕೆ ತೆಗೆದುಕೊಂಡು, "ರೈಟ್ ಹ್ಯಾಂಡ್" ಅನ್ನುತ್ತಿದ್ದೆ.

"ನಮ್ಮಮ್ಮನೂ ಇದಕ್ಕೇ ಹೊಡೀತಿದ್ದಳು, ಸೆನ್ಯೋರಾ."

"ನಾನೆಲ್ಲಿ ಹೊಡೆದೆ?"

"ಕಣ್ಣಲ್ಲಿ ಹೊಡೀತೀರಲ್ಲ."

ನಗುತ್ತಾ ಬಲಗೈ ಚಾಚುತ್ತಿದ್ದರು. ಇಬ್ಬರದೂ ಅರೆಬರೆ ಇಂಗ್ಲಿಷು. ಇಬ್ಬರ ತಪ್ಪುಗಳೂ ಒಂದೇ ತರಹ ಇದ್ದದ್ದರಿಂದ ಮಾತಿಗೆ ತೊಡಕಾಗಲಿಲ್ಲ. ಹಾಗೆ ಮಾತಾಡುತ್ತಾ ಮಾತಾಡುತ್ತಾ ಒಂದು ದಿನ, ಯಾರದೋ ಬೂಟಿನ ಹಿಮ್ಮಡಿಗೆ ಮೊಳೆ ಹೊಡೆಯುತ್ತಾ ಹೇಳಿದರು, "ನಮ್ಮಮ್ಮನ ಪಾಲಿಗೆ ನಾನು ಸತ್ತು ಹೋಗಿದ್ದೀನಿ."

ಜಗಳವಿರಬೇಕು ಅಂದುಕೊಂಡೆ. ಜಗಳವಲ್ಲ. ಅವರು ಕಾಗದಪತ್ರವಿಲ್ಲದೆ ಗಡಿ ದಾಟಿ ಬಂದವರು. ಬಂದ ಹೊಸದರಲ್ಲಿ ಬಹಳ ತಿಂಗಳು ಊರಿಗೆ ಸುದ್ದಿ ಕಳಿಸಲಾಗಲಿಲ್ಲ. ದಾರಿಯಲ್ಲಿ ತೀರಿಕೊಂಡನಂತೆ ಅಂತ ಯಾರೋ ಹೋಗಿ ಹೇಳಿದ್ದರು. ಮಗನ ಕಾಗದ ಊರು ಮುಟ್ಟುವ ಹೊತ್ತಿಗೆ ತಾಯಿಗೆ ಕಣ್ಣು ಹೋಗಿತ್ತು. ಕಾಗದ ಓದಿ ಹೇಳಿದವರು ಅವರ ಅಣ್ಣ. ನನ್ನ ಸಮಾಧಾನಕ್ಕೆ ನೀನೇ ಕಟ್ಟಿ ಹೇಳುತ್ತಿದ್ದೀಯ ಅಂದಳಂತೆ ಆ ತಾಯಿ. ಫೋನು ಮಾಡಿದರೆ ಅದೂ ಆಗಲಿಲ್ಲ. ಅಣ್ಣತಮ್ಮಂದಿರದು ಒಂದೇ ಗಂಟಲು. ಇದೂ ನೀನೇ ಕಣೋ ಅಂತ ದೊಡ್ಡ ಮಗನನ್ನೇ ಬೈದಳಂತೆ. ತಾವೇ ಹೋಗಿ ಎದುರು ನಿಲ್ಲೋಣವೆಂದರೆ, ಹೋದವರು ತಿರುಗಿ ಬರುವ ಹಾಗಿರಲಿಲ್ಲ. ಆ ಮನೆ ನಡೆಯುತ್ತಿದ್ದದ್ದೇ ಈ ಅಂಗಡಿಯಿಂದ.

"ವರ್ಷಕ್ಕೊಂದು ಸಲ ಚರ್ಚಿನಲ್ಲಿ ನನ್ನ ಆತ್ಮಕ್ಕೆ ಶಾಂತಿ ಕೋರ್ತಾಳೆ. ನಾನು ಇಲ್ಲಿ ಚೆನ್ನಾಗಿ ಊಟ ಮಾಡ್ತಾ ಇರ್ತೀನಿ" ಅಂದು ನಕ್ಕರು. ನನಗೆ ನಗು ಬರಲಿಲ್ಲ.

ಆಮೇಲೊಂದು ಬೇಸಿಗೆಯಲ್ಲಿ ನಮ್ಮನೆಯವರಿಗೆ ಅವರ ಕಂಪನಿಯ ಮೆಕ್ಸಿಕೋ ಪ್ಲ್ಯಾಂಟಿನಲ್ಲಿ ಕೆಲವು ವಾರ ಕೆಲಸ ಬಿತ್ತು. ಮಗಳಿಗೆ ಸ್ಕೂಲ್ ರಜ. ನಾವೂ ಹೊರಟೆವು. ಸುದ್ದಿ ತಿಳಿದಾಗ ಅವರು ಮಿಷನ್ನು ನಿಲ್ಲಿಸಿ ಎದ್ದು ನಿಂತರು.

"ನಮ್ಮೂರು ಅಲ್ಲಿಂದ ಬಸ್ಸಿನಲ್ಲಿ ಅರ್ಧ ದಿನ. ಹೋಗಿ ನಮ್ಮಮ್ಮನಿಗೆ ನಾನಿದ್ದೀನಿ ಅಂತ ಹೇಳ್ತೀರಾ? ನೀವು ದಿನಾ ದೇವರ ಮುಂದೆ ಕೂರೋರು. ನಿಮ್ಮ ಮಾತು ನಂಬಬಹುದು."

ತಾಯಿಗೆ ಅಂತ ಅಂಗಡಿಯಿಂದ ಕೊಂಡ ಒಂದು ಉಣ್ಣೆಯ ಶಾಲು ಕೊಟ್ಟರು. ನನಗೆ ಅಂತ ಈ ಚಪ್ಪಲಿ ಹೆಣೆದರು. ಅವರ ಊರಿಗೆ ಊರೇ ಚರ್ಮದ ಕೆಲಸದ್ದು. ಪಟ್ಟಿಪಟ್ಟಿಯಾಗಿ ಕತ್ತರಿಸಿ, ಚಾಪೆ ಹೆಣೆದ ಹಾಗೆ ಹೆಣೆಯುವ ಚಪ್ಪಲಿಗೆ ಆ ಊರು ಹೆಸರುವಾಸಿ. ಹ್ಯಾರಿಸನ್‌ನಲ್ಲಿ ಹಿಮ್ಮಡಿ ಬದಲಾಯಿಸುವುದು ಬಿಟ್ಟು ಅವರು ಆ ಕೆಲಸ ಮಾಡಿದ್ದನ್ನು ನಾನು ಕಂಡಿರಲಿಲ್ಲ. "ನಮ್ಮೂರ ಕಲ್ಲಿನ ಮೇಲೆ ಸ್ನೀಕರ್ ನಡೆಯಲ್ಲ" ಅಂದರು. ಸೂಟ್‌ಕೇಸಿನಲ್ಲಿ ನನ್ನ ದೇವರ ಪೆಟ್ಟಿಗೆ ಇತ್ತು. ಅದರ ಜೊತೆ ಚರ್ಮ ಇಡಲು ಮನಸ್ಸು ಒಪ್ಪಲಿಲ್ಲ. ಹಾಗಾಗಿ ಪೂರ್ತಿ ಪ್ರಯಾಣ ಅದನ್ನು ಕಾಲಿಗೇ ಹಾಕಿಕೊಂಡು ಹೋದೆ.

ಆ ಊರು ಈಗ ನನಗೆ ಕನಸಿನಲ್ಲಿ ಕಂಡಂತಿದೆ. ಬಸ್ಸಿಳಿದಾಗ ಮಟಮಟ ಮಧ್ಯಾಹ್ನ. ಬೀದಿಗಳು ಖಾಲಿ. ಆದರೆ ಪ್ರತಿ ಮನೆಯ ಒಳಗಿನಿಂದ ಟಕ್ ಟಕ್ ಅಂತ ಸುತ್ತಿಗೆ ಸದ್ದು. ಒಂದು ಮನೆಯಲ್ಲಿ ನಿಂತರೆ ಇನ್ನೊಂದರಲ್ಲಿ ಶುರು, ಊರೇ ಒಳಗೊಳಗೆ ಏನೋ ಮಾತಾಡಿಕೊಳ್ಳುತ್ತಿದ್ದ ಹಾಗೆ... ಗೋಡೆಗಳಿಗೆ ಅರಿಸಿನ, ಗುಲಾಬಿ, ಆಕಾಶದ ಬಣ್ಣ. ಅಂಗಳಗಳಲ್ಲಿ ಹಗ್ಗಕ್ಕೆ ನೇತುಹಾಕಿದ ಚರ್ಮಗಳು ಬಿಸಿಲಿಗೆ ಜೇನಿನ ಹಾಗೆ ಹೊಳೆಯುತ್ತಿದ್ದವು. ಹ್ಯಾರಿಸನ್‌ನ ನಮ್ಮ ಅಡುಗೆಮನೆಯ ವಾಸನೆ ಅಲ್ಲಿ ಬೀದಿ ತುಂಬ ಇತ್ತು. ಮಗಳು ನನ್ನ ಸೆರಗು ಹಿಡಿದುಕೊಂಡು, "ಇಟ್ ಸ್ಮೆಲ್ಸ್ ಲೈಕ್ ಹೋಮ್" ಅಂದಳು.

ಬಾಗಿಲಲ್ಲಿ ಅವರ ಅಣ್ಣ ಕಾಯುತ್ತಿದ್ದರು. ಕೆಲವು ವರ್ಷ ಟೆಕ್ಸಸ್‌ನಲ್ಲಿ ದುಡಿದವರು, ಇಂಗ್ಲಿಷ್ ಬರುತ್ತಿತ್ತು. ನಾವು ಮೂವರೂ ಅಭ್ಯಾಸಬಲದಿಂದ ಹೊಸ್ತಿಲಾಚೆ ಚಪ್ಪಲಿ, ಶೂ ಕಳಚಿಟ್ಟು ಒಳಗೆ ಹೋದೆವು.

ತಾಯಿ ಗೋಡೆಗೊರಗಿ ತಗ್ಗು ಕುರ್ಚಿಯಲ್ಲಿ ಕೂತಿದ್ದರು. ಮಗ್ಗುಲಿಗೆ ಒಂದು ಹಲಗೆ, ಅದರ ಮೇಲೆ ಸಂತರ ಚಿತ್ರಗಳು, ತೀರಿಕೊಂಡವರ ಫೋಟೋಗಳು. ಅವುಗಳ ನಡುವೆ ಒಬ್ಬ ಹುಡುಗುಮುಖದ ಯುವಕ. ಮುಂದೆ ಮೇಣದ ದೀಪ ಉರಿಯುತ್ತಿತ್ತು. ನಮ್ಮ ಕೆಳಗಿನ ಅಂಗಡಿಯವರೇ ಅಂತ ಗುರುತು ಹತ್ತಿತು. ಬದುಕಿರುವವರ ಫೋಟೋದ ಮುಂದೆ ಹೀಗೆ ದೀಪ ಹಚ್ಚುವುದುಂಟೇ? ಮನಸ್ಸಿನಲ್ಲೇ ರಾಮ ರಾಮ ಅಂದುಕೊಂಡೆ.

ನಾನು ಅವರ ಕೈ ಹಿಡಿದು ಎಲ್ಲ ಹೇಳಿದೆ. ನಮ್ಮ ಮನೆಯ ಕೆಳಗೇ ಇದ್ದಾರೆ, ಹೀಟರ್ ಕೊಟ್ಟರು, ಸಜ್ಜಿಗೆ ಇಷ್ಟ, ಹೊರಡುವ ದಿನ ಏರ್‌ಪೋರ್ಟ್ ಬಸ್ಸಿನ ತನಕ ಬಂದಿದ್ದರು. ಅಣ್ಣ ಒಂದೊಂದನ್ನೇ ಸ್ಪ್ಯಾನಿಷ್‌ನಲ್ಲಿ ಹೇಳುತ್ತಾ ಹೋದರು. ಆಕೆ ತಲೆಯಾಡಿಸುತ್ತಾ ಕೇಳಿದರು. ಶಾಲನ್ನು ಮುಟ್ಟಿ ನೋಡಿ ಮಡಿಲಲ್ಲಿಟ್ಟುಕೊಂಡರು. ಆಮೇಲೆ ಏನೋ ಅಂದರು. ಅಣ್ಣ ತಲೆ ತಗ್ಗಿಸಿಕೊಂಡೇ ನಮಗೆ ಹೇಳಿದರು, "ನನ್ನ ದೊಡ್ಡ ಮಗನಿಗೆ ನನ್ನ ಮೇಲೆ ಬಹಳ ಪ್ರೀತಿ. ಈ ಸಲ ಸುಳ್ಳು ಹೇಳೋಕೆ ಪರದೇಶದವರನ್ನೇ ಕರೆಸಿದ್ದಾನೆ. ಪಾಪ, ದೂರದಿಂದ ಬಂದಿದ್ದಾರೆ, ಊಟಕ್ಕೆ ಹಾಕಿ ಅಂತಿದ್ದಾಳೆ."

ಇನ್ನೇನು ಹೇಳಿ ನಂಬಿಸಲಿ? ಅಣ್ಣನ ಹೆಂಡತಿ ಮೆಕ್ಕೆಜೋಳದ ರೊಟ್ಟಿ ತಟ್ಟಿ ತಟ್ಟಿ ಹಾಕಿದರು. ಪಲ್ಯದಲ್ಲಿ ಏನಿದೆಯೋ ಅಂತ ನಾನು ರೊಟ್ಟಿಗೆ ಉಪ್ಪು ನೆಂಚಿಕೊಂಡು ತಿಂದೆ. ಊಟವಾಗುತ್ತಿದ್ದಂತೆ ತಾಯಿ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋದರು. ನಾವು ಬಸ್ಸಿಗೆ ಹೊತ್ತಾಯಿತೆಂದು ಎದ್ದೆವು. ಕೆಳಗಿನ ಅಂಗಡಿಯವರಿಗೆ ಹೋಗಿ ಏನು ಹೇಳಲಿ ಅನ್ನುವುದೊಂದೇ ನನ್ನ ತಲೆಯಲ್ಲಿ.

ಬಾಗಿಲಿಗೆ ಬಂದರೆ ಹೊಸ್ತಿಲಾಚೆ ಏನೂ ಇಲ್ಲ.

"ಅಮ್ಮಾ, ಅವರ್ ಶೂಸ್ ಆರ್ ಗಾನ್" ಅಂದಳು ಮಗಳು.

"ದೇವಸ್ಥಾನಕ್ಕೆ ಬಂದ ಹಾಗಾಯ್ತಲ್ಲೇ" ಅಂದರು ಇವರು.

ಅಣ್ಣ ನಮ್ಮ ಬರಿಗಾಲು ನೋಡಿದರು, ಹೊಸ್ತಿಲು ನೋಡಿದರು, ಹಣೆ ಚಚ್ಚಿಕೊಂಡು ನಕ್ಕರು. ಅವರ ಊರಿನಲ್ಲಿ ಹೊಸ್ತಿಲಾಚೆ ಚಪ್ಪಲಿ ಬಿಟ್ಟರೆ ರಿಪೇರಿಗೆ ಬಿಟ್ಟಿದ್ದಾರೆ ಅಂತ ಅರ್ಥವಂತೆ. ಒಳಗೆ ಬರುವವರು ಯಾರೂ ಕಳಚುವುದಿಲ್ಲ. ಅಣ್ಣನ ಹೆಂಡತಿ ನಮ್ಮದನ್ನೂ ಎತ್ತಿಕೊಂಡು ಹೋಗಿ ಹಿತ್ತಲ ಬುಟ್ಟಿಗೆ ಹಾಕಿದ್ದರು. ಕಣ್ಣು ಹೋದ ಮೇಲೆ ತಾಯಿಯ ಕೆಲಸ ಅದೇ. ಬುಟ್ಟಿಯಲ್ಲಿದ್ದದ್ದನ್ನು ಒಂದೊಂದಾಗಿ ತಡವಿ, ಇದಕ್ಕೆ ಅಟ್ಟೆ, ಇದಕ್ಕೆ ಹೊಲಿಗೆ ಅಂತ ಹೇಳಿ ವಿಂಗಡಿಸುವುದು.

ಬರಿಗಾಲಲ್ಲೇ ಹಿತ್ತಲಿಗೆ ಹೋದೆವು. ಹಾಸುಗಲ್ಲು ಬೆಚ್ಚಗಿತ್ತು. ಆ ಬಿಸಿ ಈಗಲೂ ಅಂಗಾಲಿನಲ್ಲಿದೆ ಅನ್ನಿಸುತ್ತದೆ... ತಾಯಿ ನೆರಳಲ್ಲಿ ಕೂತಿದ್ದರು. ಇವರ ಶೂ, ಮಗಳ ಶೂ ಪಕ್ಕಕ್ಕೆ ಬಿದ್ದಿದ್ದವು. ನನ್ನ ಚಪ್ಪಲಿ ಅವರ ಮಡಿಲಲ್ಲಿತ್ತು. ಬೆರಳು ಹೆಣಿಗೆಯ ಮೇಲೆ ಹೋಗುತ್ತಿತ್ತು, ನಿಲ್ಲುತ್ತಿತ್ತು, ಹಿಂದಕ್ಕೆ ಬರುತ್ತಿತ್ತು, ಮತ್ತೆ ಹೋಗುತ್ತಿತ್ತು. ಜಪಮಣಿ ಎಣಿಸುವಾಗ ಮರೆತು ಮೊದಲಿಂದ ಶುರು ಮಾಡುವ ಹಾಗೆ.

"ಇದು ಯಾರದು?" ಅಂದರು. ಬಂದಿರುವ ಹೆಂಗಸಿನದು ಅಂತ ಅಣ್ಣ ಹೇಳಿದರು.

"ಹೊಸದು. ಪಟ್ಟಿ ಇನ್ನೂ ಪಳಗಿಲ್ಲ" ಅಂದರು ಆಕೆ. ಮತ್ತೊಮ್ಮೆ ತಡವಿ, "ಹೆಣಿಗೆ ಉಲ್ಟಾ ಹೋಗಿದೆ. ಹೀಗೆ ಹೆಣೆಯೋನು ಈ ಊರಲ್ಲಿ ಒಬ್ಬನೇ ಇದ್ದ. ಎಷ್ಟು ಹೊಡೆದರೂ ಎಡಗೈ ಬಿಡಲಿಲ್ಲ" ಅಂದರು.

ಅಣ್ಣ ಆ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದರು. ನಾನು ಹೋಗಿ ಕಲ್ಲಿನ ಮೇಲೆ ಅವರ ಮುಂದೆ ಕೂತೆ. ನನ್ನ ಮುಖವನ್ನೆಲ್ಲ ಕೈಯಿಂದ ತಡವಿದರು, ಅವರ ಮಗನನ್ನು ದಿನಾ ನೋಡುವ ಮುಖ ಅಂತಲೋ ಏನೋ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ, "ತೆಳ್ಳಗಾಗಿದ್ದಾನಾ?"

"ಇಲ್ಲಮ್ಮ, ಹೊಟ್ಟೆ ಬಂದಿದೆ" ಅಂತ ಕನ್ನಡದಲ್ಲೇ ಹೇಳಿ, ಕೈಯಲ್ಲಿ ಅವರ ಹೊಟ್ಟೆಯ ಮುಂದೆ ಗುಂಡಗೆ ಮಾಡಿ ತೋರಿಸಿದೆ. ಮುಟ್ಟಿ ತಿಳಿದುಕೊಂಡು ಆಕೆ ನಕ್ಕರು. ಬಾಯಲ್ಲಿ ಹಲ್ಲಿರಲಿಲ್ಲ.

ಎದ್ದು ಒಳಗೆ ಹೋದರು. ಹಲಗೆಯ ಮುಂದೆ ನಿಂತು, ಬಿಸಿ ಎಲ್ಲಿಂದ ಬರುತ್ತಿದೆಯೆಂದು ಅಂಗೈಯಲ್ಲಿ ಹುಡುಕಿ, ದೀಪದ ಕುಡಿಯನ್ನು ಎರಡು ಬೆರಳಲ್ಲಿ ಹಿಡಿದು ಶಾಂತ ಮಾಡಿದರು. ಊದಲಿಲ್ಲ. ನಾವೂ ದೀಪವನ್ನು ಬಾಯಿಂದ ಊದುವುದಿಲ್ಲವಲ್ಲ, ಅದನ್ನು ನೋಡಿ ನನಗೆ ಯಾಕೋ ಅಳು ಬಂತು. ತೀರಿಕೊಂಡವರ ನಡುವಿನಿಂದ ಮಗನ ಫೋಟೋ ತೆಗೆದು, ಎಲ್ಲಿಡುವುದೆಂದು ತೋಚದೆ ಸ್ವಲ್ಪ ಹೊತ್ತು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದರು. ಕೊನೆಗೆ ಅಡುಗೆಮನೆಗೆ ಒಯ್ದು ಜೋಳದ ಡಬ್ಬಿಯ ಪಕ್ಕ ಇಟ್ಟರು.

ಹ್ಯಾರಿಸನ್‌ಗೆ ಬಂದ ಮಾರನೆಯ ಬೆಳಿಗ್ಗೆ ಪೂಜೆ ಮುಗಿಸಿ ಬಟ್ಟಲು ಹಿಡಿದು ಕೆಳಗಿಳಿದೆ. ಎಲ್ಲ ಹೇಳಿದೆ. ಹೊಸ್ತಿಲು, ಬುಟ್ಟಿ, ಹೆಣಿಗೆ, ದೀಪ, ಜೋಳದ ಡಬ್ಬಿ. ಅವರು ಕೇಳುತ್ತಾ ಕೇಳುತ್ತಾ ನನ್ನ ಕಡೆ ಬೆನ್ನು ತಿರುಗಿಸಿ ಮಿಷನ್ನು ತುಳಿಯತೊಡಗಿದರು. ಮಿಷನ್ನಿನಲ್ಲಿ ಶೂ ಇರಲಿಲ್ಲ. ಬರೀ ಸೂಜಿ ಮೇಲೆ ಕೆಳಗೆ ಓಡುತ್ತಿತ್ತು. ಆಮೇಲೆ ಕೈ ಒರೆಸಿಕೊಂಡು ಬಂದು ಪ್ರಸಾದಕ್ಕೆ ಕೈ ಚಾಚಿದರು. ಎಡಗೈ. ಗಮನಿಸಿ ತಾವೇ ಹಿಂದಕ್ಕೆ ತೆಗೆದುಕೊಳ್ಳಹೋದರು.

"ಇರಲಿ" ಅಂದು ಆ ಕೈಯಲ್ಲೇ ಹಾಕಿದೆ. ದೇವರು ಏನೂ ಅನ್ನಲಿಲ್ಲ. ಇವತ್ತಿಗೂ ಅಂದಿಲ್ಲ.

ಮುಂದೆ ಸರ್ಕಾರ ಬಹಳ ವರ್ಷದಿಂದ ಇಲ್ಲಿದ್ದವರಿಗೆ ಕಾಗದಪತ್ರ ಮಾಡಿಕೊಟ್ಟಿತು. ಅವರದೂ ಆಯಿತು, ಸ್ವಲ್ಪ ತಡವಾಗಿ. ಅಷ್ಟರಲ್ಲಿ ತಾಯಿ ತೀರಿಕೊಂಡಿದ್ದರು. ಮಗ ಇದ್ದಾನೆ ಅಂತ ತಿಳಿದೇ ಹೋದರು. ಅದೊಂದು ಸಣ್ಣ ಕೃಪೆ, ಅಲ್ಲ, ಸಣ್ಣದೇನಲ್ಲ. ತೊಂಬತ್ತರ ಆಚೀಚೆ ಅವರೂ ಅಂಗಡಿ ಮುಚ್ಚಿ ಊರಿಗೆ ಹೊರಟರು. ಅದೇ ಹೀಟರನ್ನು ನಮಗೇ ಬಿಟ್ಟುಹೋದರು. ನಾವು ಮನೆ ಬದಲಾಯಿಸಿದೆವು. ಒಂದೆರಡು ಕ್ರಿಸ್ಮಸ್ ಕಾರ್ಡ್ ಬಂದವು, ಆಮೇಲೆ ಇಲ್ಲ... ಈಗ ಆ ಜಾಗದಲ್ಲಿ ಗಾಜಿನ ಅಪಾರ್ಟ್‌ಮೆಂಟು ಎದ್ದಿದೆ.

ಬೇಸ್‌ಮೆಂಟಿನಿಂದ ಚಪ್ಪಲಿ ಮೇಲೆ ತಂದೆ. ಬಲಗಾಲಿನದರ ಒಂದು ಪಟ್ಟಿ ಕಿತ್ತುಹೋಗಿದೆ. ಹಳೆಯ ಬಟ್ಟೆಯಲ್ಲಿ ಒರೆಸಿ, ಏನನ್ನಿಸಿತೋ, ಮುಂಬಾಗಿಲು ತೆಗೆದು ಹೊಸ್ತಿಲಾಚೆ ಜೋಡಿಯಾಗಿ ಇಟ್ಟೆ. ಕುಕ್ಕರ್ ಇಳಿಸಿ, ಸಾರಿಗೆ ಒಗ್ಗರಣೆ ಹಾಕಿ, ನನ್ನ ಕೆಲಸ ನೋಡಿಕೊಂಡೆ. ನಡುವೆ ಪೋಸ್ಟ್‌ನವನು ಬಂದ, ದಾಟಿಕೊಂಡು ಹೋದ. ಬಿಸಿಲು ಮೆಟ್ಟಿಲು ಹತ್ತಿ ಚಪ್ಪಲಿಯ ಮೇಲೆ ಬಂತು, ಇಳಿಯಿತು.

ಸಂಜೆ ದೀಪ ಹಚ್ಚುವ ಮೊದಲು ಹೋಗಿ ನೋಡಿದೆ. ಅಲ್ಲೇ ಇದ್ದವು. ಒಳಗೆ ತಂದಿಟ್ಟೆ.