ಉಂಡ ಮೇಲೆ ನುಂಗಿದ ಗುಳಿಗೆ

ಸಿಂಧನೂರು–ಮಸ್ಕಿ–ಲಿಂಗಸುಗೂರು ಬಸ್ಸಿನ ಕಂಡಕ್ಟರನಿಗೆ ಗುಟ್ಟಿನ ಕಾಯಿಲೆ ಬರಬಾರದು. ನನಗೆ ಬಂತು. ತೊಂಬತ್ತರ ದಶಕದ ಕೊನೆ ಅದು. ಸಕ್ಕರೆ ಕಾಯಿಲೆಯ ಬೆನ್ನಿಗೇ ಗಂಡಸುತನವೂ ಕೈಕೊಟ್ಟು ಮೂರು ವರ್ಷವಾಗಿತ್ತು. ಔಷಧದ ಅಂಗಡಿಗೆ ಹೋಗೋಣವೆಂದರೆ ಮೂರೂ ಊರಲ್ಲಿ ‘ಏನ್ರಿ ಕಂಡಕ್ಟರ್ ಸಾಹೇಬ್ರ, ಯಾರಿಗೆ ಗುಳಿಗಿ?’ ಎಂದು ಬೀದಿಗೆಲ್ಲ ಕೇಳುವಂತೆ ಕೂಗುವವರೇ. ಹೆಂಡತಿಗೂ ಹೇಳಿರಲಿಲ್ಲ. ಬೆನ್ನು ನೋವೆಂದು ಹಾಸಿಗೆ ಬೇರೆ ಮಾಡಿಕೊಂಡಿದ್ದೆ.

ಲಿಂಗಸುಗೂರಿನ ಡಾಕ್ಟರೊಬ್ಬರು ಎದೆ, ಬಿಪಿ ಎಲ್ಲ ನೋಡಿ, ಹೊರದೇಶದಿಂದ ತರಿಸಿದ ನಾಲ್ಕು ನೀಲಿ ಗುಳಿಗೆ ಕೊಟ್ಟರು. ‘ಒಂದು ತಾಸು ಮೊದಲು ಒಂದು. ದಿನಕ್ಕ ಒಂದಕ್ಕಿಂತ ಹೆಚ್ಚು ಬ್ಯಾಡ.’ ನಾಚಿಕೆಗೆ ಮುಂದೇನೂ ಕೇಳದೆ ಓಡಿಬಂದೆ.

ನನ್ನ ವಾರದ ರಜೆ ಬುಧವಾರ. ಮಕ್ಕಳು ಶಾಲೆಗೆ ಹೋಗಿದ್ದರು. ಗುಳಿಗೆ ಬಿಚ್ಚುವುದನ್ನು ಹೆಂಡತಿ ನೋಡಿಬಿಟ್ಟಳು. ‘ಬೆನ್ನಿಂದು’ ಎಂದೆ.

‘ಖಾಲಿ ಹೊಟ್ಟ್ಯಾಗ ಯಾರರ ಗುಳಿಗಿ ನುಂಗತಾರೇನ್ರಿ? ಮೊದ್ಲ ಉಣ್ರಿ!’

ರೊಟ್ಟಿ, ಎಣ್ಣೆ ತೇಲುವ ಬದನೆಕಾಯಿ ಪಲ್ಯ, ಮೇಲೆ ಬಿಸಿ ಬಜ್ಜಿ. ಉಂಡು ನುಂಗಿದೆ. ಗಡಿಯಾರ ನೋಡುತ್ತ ಕುಳಿತೆ. ಮುಖ ಕೆಂಪಾಯಿತು, ತಲೆ ಸಿಡಿಯಿತು, ಆಗಬೇಕಾದದ್ದು ಮಾತ್ರ ಆಗಲಿಲ್ಲ. ಮುಂದಿನ ಬುಧವಾರವೂ ಅದೇ ಹಣೆಬರಹ. ಅದರ ಮುಂದಿನ ಬುಧವಾರ ರೇಗಿಹೋಗಿ ಉಳಿದೆರಡನ್ನೂ ಒಟ್ಟಿಗೇ ನುಂಗಿದೆ. ಸುಣ್ಣದ ಗೋಡೆ ನೀಲಿಯಾಗಿ ಕಂಡಿತು, ಅಷ್ಟೇ.

‘ಡಾಕ್ಟ್ರೇ, ನಿಮ್ಮ ಗುಳಿಗ್ಯಾಗ ದಮ್ಮಿಲ್ಲ. ದೊಡ್ಡದು ಕೊಡ್ರಿ’ ಎಂದು ಜಗಳಕ್ಕೇ ಹೋದೆ.

ಡಾಕ್ಟರು ಊಟದ ಕತೆ ಕೇಳಿ ಹಣೆ ಚಚ್ಚಿಕೊಂಡರು. ‘ಎರಡು ನುಂಗೀರಿ? ಹುಚ್ಚು ಹಿಡದೈತೇನು? ಐವತ್ತು ಮಿಲಿಗ್ರಾಮಿಂದ ಸಾಕು. ಎಣ್ಣಿ ಊಟದ ಮ್ಯಾಲೆ ನುಂಗಿದ್ರ ರಕ್ತಕ್ಕ ಸೇರೂದು ತಡ ಆಗತೈತಿ. ಮತ್ತ ಇದು ರಕ್ತದ ದಾರಿ ಅಷ್ಟ ತೆರಿತೈತ್ರಿ, ಆಸಿ ನಿಮ್ಮದ ಬೇಕು. ಗಡಿಯಾರ ನೋಡ್ಕೋತ ಕುಂತ್ರ ಹೆಂಗ? ಹೆಣ್ತಿಗೆ ಹೇಳೀರೇನು?’

ಹೊಸ ಗುಳಿಗೆ ಜೇಬಿಗಿಟ್ಟುಕೊಂಡು, ಮಸ್ಕಿ ಬರುವವರೆಗೂ ನನ್ನನ್ನೇ ಬೈದುಕೊಂಡೆ.

ಬುಧವಾರ ಅವಳು ತಾಟು ತಂದಳು. ‘ಈಗ ಬ್ಯಾಡ’ ಎಂದೆ. ‘ಯಾಕ?’ ಎಂದಳು. ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದೆ.

ಅವಳು ತಾಟು ಮುಚ್ಚಿಟ್ಟು ಬಂದು ಎದುರಿಗೆ ಕುಳಿತಳು.

‘ಬೆನ್ನು ನೋವಂತ! ಜೋಳದ ಚೀಲ ನೀವೊಬ್ಬರ ಇಳಸೂದು ನಾ ಕಂಡಿಲ್ಲೇನು? ನಾನ ನಿಮಗ ಬ್ಯಾಡಾಗೀನಿ ಅಂತ ಮೂರು ವರ್ಷ ಒಬ್ಬಾಕಿನ ಅತ್ತೀನಿ. ಅದಕ್ಕ ಯಾವ ಗುಳಿಗಿ ಕೊಟ್ಟಾರ್ರಿ ನಿಮ್ಮ ಡಾಕ್ಟ್ರು?’