ಕಂಪ್ಯೂಟರಿಗೊಂದು ಸದ್ದಿಲ್ಲದ ಪೆಟ್ಟಿಗೆ

ಅಪ್ಪ ತೀರಿಕೊಂಡ ಮೇಲೆ ಅವರ ಮಂಚವಿದ್ದ ಮೂಲೆಗೆ ನನ್ನ ಕಂಪ್ಯೂಟರ್ ಟೇಬಲ್ ಬಂತು. ಬೇರೆ ಜಾಗ ಇರಲಿಲ್ಲ. ಮರ್ಫಿ ಟೌನಿನಲ್ಲಿ ನಾವಿರುವ ಬಾಡಿಗೆ ಮನೆಗೆ ಮುಂದೊಂದು ಕೋಣೆ, ಹಿಂದೊಂದು ಅಡುಗೆಮನೆ, ಅದಕ್ಕಂಟಿ ಬಚ್ಚಲು, ಅಷ್ಟೇ. ಮುಂದಿನ ಕೋಣೆಯ ಒಂದು ಗೋಡೆಯಲ್ಲಿ ಬಾಗಿಲು, ಇನ್ನೊಂದರಲ್ಲಿ ಕಿಟಕಿ, ಮತ್ತೊಂದಕ್ಕೆ ಬೀರುವೂ ಅಮ್ಮನ ಮಂಚವೂ ಒತ್ತಿಕೊಂಡಿವೆ. ಉಳಿಯುವುದು ಆ ಮೂಲೆಯೊಂದೇ. ಪ್ಲಗ್ ಪಾಯಿಂಟೂ ಅಲ್ಲೇ ಇದೆ, ಅಪ್ಪನ ಆಕ್ಸಿಜನ್ ಮೆಷಿನ್ನಿಗೆ ಅಂತ ಹಾಕಿಸಿದ್ದು.

ಅಪ್ಪ ಗ್ಯಾರೇಜಿನಲ್ಲಿ ಕಾರುಗಳಿಗೆ ಸ್ಪ್ರೇ ಪೇಂಟ್ ಹೊಡೆಯುತ್ತಿದ್ದರು. ಆ ಬಣ್ಣವೋ, ಬೀಡಿಯೋ, ಎರಡೂ ಸೇರಿಯೋ, ಶ್ವಾಸಕೋಶ ಹಾಳಾಯಿತು. ಕೊನೆಕೊನೆಗೆ ಮನೆಯಲ್ಲೇ ಮೆಷಿನ್ ಇಟ್ಟುಕೊಂಡು, ಮೂಗಿಗೆ ಸಣ್ಣ ಪೈಪು ಸಿಕ್ಕಿಸಿಕೊಂಡು ಉಸಿರಾಡುತ್ತಿದ್ದರು. ಅದು ಬೆಳಗಿಂದ ಬೆಳಗಿನ ತನಕ ಗುಂಯ್ ಅನ್ನುತ್ತಿತ್ತು, ನಡುನಡುವೆ ಬುಸ್ ಅಂತ ಗಾಳಿ ಬಿಡುತ್ತಿತ್ತು. ಅಪ್ಪ ತೀರಿಕೊಂಡ ವಾರವೇ, ಬಾಡಿಗೆಗೆ ಕೊಟ್ಟಿದ್ದವರು ಬಂದು ಅದನ್ನು ಆಟೋದಲ್ಲಿ ಹಾಕಿಕೊಂಡು ಹೋದರು.

ನನ್ನ ಕೆಲಸ ಮದುವೆ ವೀಡಿಯೊ ಎಡಿಟ್ ಮಾಡುವುದು. ಕಮರ್ಷಿಯಲ್ ಸ್ಟ್ರೀಟಿನ ಹಿಂದುಗಡೆ ಇರುವ ಸ್ಟುಡಿಯೋಕ್ಕೆ ದಿನಾ ಹೋಗಿ ಬರುತ್ತಿದ್ದೆ. ಅಮ್ಮ ಒಬ್ಬಳೇ ಆಗಬಾರದು ಅಂತ ಮನೆಯಿಂದಲೇ ಮಾಡುತ್ತೇನೆ ಎಂದು ಕೇಳಿಕೊಂಡೆ. ಸ್ಟುಡಿಯೋದವರು ಒಪ್ಪಿ, ತಮ್ಮಲ್ಲಿದ್ದ ಹಳೆಯ ಕಂಪ್ಯೂಟರೊಂದನ್ನು ನನಗೇ ಕೊಟ್ಟುಬಿಟ್ಟರು. ಮೊದಲ ದಿನ ಅದನ್ನು ಆನ್ ಮಾಡಿ ಕೆಲಸಕ್ಕೆ ಕೂತೆ. ವೀಡಿಯೊ ಭಾರಕ್ಕೆ ಒಳಗಿನ ಫ್ಯಾನುಗಳು ಜೋರಾಗಿ ತಿರುಗತೊಡಗಿದವು. ಗುಂಯ್ ಅನ್ನುವ ಸದ್ದು, ಅದೇ ಮೂಲೆಯಿಂದ. ಅಮ್ಮ ಅವರೆಕಾಯಿ ಸುಲಿಯುತ್ತಾ ಮಂಚದ ಮೇಲೆ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಮೊರ ಎತ್ತಿಕೊಂಡು ಹೋಗಿ ಹೊರಗೆ ಮೆಟ್ಟಿಲ ಮೇಲೆ ಕೂತಳು.

ಮರುದಿನವೂ ಹಾಗೇ. ಅದರ ಮರುದಿನವೂ. ನಾನು ಕೂತರೆ ಅಮ್ಮ ಎದ್ದು ಹೊರಗೆ. ಬಿಸಿಲಿದ್ದರೆ ಸೆರಗು ತಲೆಮೇಲೆ, ಹನಿ ಬಿದ್ದರೆ ಬಾಗಿಲ ಚೌಕಟ್ಟಿಗೆ ಒರಗಿ. ಯಾಕಮ್ಮ ಅಂತ ನಾನು ಕೇಳಲಿಲ್ಲ, ಕೇಳುವ ಅಗತ್ಯವೇ ಕಾಣಲಿಲ್ಲ. ಆ ಸದ್ದು ನನಗೇ ಆಗುತ್ತಿರಲಿಲ್ಲ. ಇನ್ನು ಅಷ್ಟು ದಿನ ಅದರ ಪಕ್ಕ ಕೂತವಳಿಗೆ ಹೇಗಾದೀತು?

ಸದ್ದು ಕಡಿಮೆ ಮಾಡಲು ಏನೇನೋ ನೋಡಿದೆ. ಬೇರೆ ಫ್ಯಾನು ಹಾಕಿಸಿದೆ, ಟೇಬಲ್ ಕೆಳಗೆ ಕಂಬಳಿ ಹಾಸಿದೆ. ಹೋಗಲಿಲ್ಲ. ಫ್ಯಾನೇ ಇಲ್ಲದ ಕ್ಯಾಬಿನೆಟ್ ಬೇಕು ಅಂದರೆ ಕಂಪ್ಯೂಟರ್ ಅಂಗಡಿಯವನು, "ಗಾಳಿ ಇಲ್ದೆ ಸುಟ್ಟೋಗುತ್ತೆ ಮೇಡಂ," ಅಂದ. ಆಮೇಲೆ ಫೋನಿನಲ್ಲಿ ಒಬ್ಬರ ವೀಡಿಯೊ ಸಿಕ್ಕಿತು. ಅವರು ಮನೆಯಲ್ಲೇ ಅಲ್ಯೂಮಿನಿಯಂ ಪೆಟ್ಟಿಗೆ ಮಾಡಿ, ಒಳಗಿನ ಬಿಸಿಯನ್ನು ತಾಮ್ರದ ಕೊಳವೆಗಳಲ್ಲಿ ಪೆಟ್ಟಿಗೆಯ ಗೋಡೆಗೇ ಸಾಗಿಸಿದ್ದರು. ಗೋಡೆ ಅಂದರೆ ಬಾಚಣಿಗೆ ಹಲ್ಲಿನ ಹಾಗೆ ಸೀಳು ಸೀಳಾಗಿರುವ ದಪ್ಪ ಅಲ್ಯೂಮಿನಿಯಂ. ಬಿಸಿ ಅದರಿಂದ ತಾನಾಗಿ ಹೊರಗೆ ಹೋಗುತ್ತದೆ, ಫ್ಯಾನು ಬೇಡ. ನೋಡುವಾಗ ಬಲು ಸುಲಭ ಅನಿಸಿತು. ಅವರ ಮನೆಯ ಹಿಂದೆ ದೊಡ್ಡದೊಂದು ಶೆಡ್ ಇತ್ತು ಅನ್ನುವುದನ್ನು ನಾನು ಗಮನಿಸಲಿಲ್ಲ.

ಶಿವಾಜಿನಗರದಲ್ಲಿ ಲೋಹದ ತಗಡು ಮಾರುವ ಅಂಗಡಿಗೆ ಹೋದೆ. ಗಲ್ಲಾದಲ್ಲಿದ್ದ ಸಾಹೇಬರು ಕೇಳಿದರು, "ಕಿಟಕಿಗಾ ಅಮ್ಮ, ಅಂಗಡಿ ಬೋರ್ಡಿಗಾ?"

"ಕಂಪ್ಯೂಟರ್ ಪೆಟ್ಟಿಗೆಗೆ."

ಅವರು ಒಳಗಿದ್ದ ತಮ್ಮನಿಗೆ ದಖ್ಖನಿ ಉರ್ದುವಿನಲ್ಲಿ ಏನೋ ಹೇಳಿದರು. ಅವನೂ ಬಂದು ನನ್ನನ್ನು ನೋಡಿದ. "ಯಾವ್ದು ಬೇಕು ನೀವೇ ಹೇಳ್ಬೇಕು. ಗಟ್ಟೀದೂ ಇದೆ, ಮೆತ್ತಂದೂ ಇದೆ. ನಮ್ಗೆ ಕಂಪ್ಯೂಟರ್ ಗೊತ್ತಿಲ್ಲ," ಅಂದರು ಸಾಹೇಬರು.

ನನಗೂ ಗೊತ್ತಿರಲಿಲ್ಲ. ಗಟ್ಟಿಯದೇ ಒಳ್ಳೆಯದಿರಬೇಕು ಅಂತ ಅದನ್ನೇ ತಂದೆ. ಬಾಚಣಿಗೆ ಹಲ್ಲಿನ ದಪ್ಪ ಪಟ್ಟಿಗಳೂ ತಾಮ್ರದ ಕೊಳವೆಗಳೂ ಹಳೆ ಯುಪಿಎಸ್, ಕಂಪ್ಯೂಟರ್ ಬಿಚ್ಚಿ ಮಾರುವವರಲ್ಲಿ ಸಿಕ್ಕವು. ಡ್ರಿಲ್ ಮೆಷಿನ್ನನ್ನು ಟಿನ್ ಫ್ಯಾಕ್ಟರಿ ಹತ್ತಿರ ಇರುವ ಅಣ್ಣನ ಮನೆಯಿಂದ ತಂದೆ. ಗರಗಸ, ಅರ, ಕ್ಲಾಂಪು ಹೊಸದಾಗಿ ಕೊಂಡೆ. ಅಮ್ಮ ಎಲ್ಲವನ್ನೂ ನೋಡಿದಳು.

"ಏನ್ ಮಾಡ್ತೀಯ ಇದನ್ನೆಲ್ಲ?"

"ಕಂಪ್ಯೂಟರಿಗೆ ಹೊಸ ಡಬ್ಬ ಮಾಡ್ತೀನಮ್ಮ. ಸದ್ದಿರಲ್ಲ."

"ಓ," ಅಂದಳು. ಅಷ್ಟೇ.

ಮೊದಲ ತಗಡನ್ನು ಎರಡು ಕಬ್ಬಿಣದ ಪಟ್ಟಿಗಳ ನಡುವೆ ಕ್ಲಾಂಪಿಗೆ ಹಿಡಿಸಿ, ಮರದ ಸುತ್ತಿಗೆಯಲ್ಲಿ ಬಡಿದು ಬಗ್ಗಿಸಲು ಹೋದೆ. ಅರ್ಧ ಬಗ್ಗಿತು. ಇನ್ನೆರಡು ಏಟು ಕೊಟ್ಟಾಗ ಮಡಿಕೆಯ ಉದ್ದಕ್ಕೂ ಬಿರುಕು ಬಿಟ್ಟು ಕೈಗೇ ಬಂತು. ಎರಡನೆಯದೂ ಹಾಗೇ ಆಯಿತು. ಗಟ್ಟಿ ಅಲ್ಯೂಮಿನಿಯಂ ಬಗ್ಗುವುದಿಲ್ಲ ಅನ್ನುವುದು ಆಮೇಲೆ ತಿಳಿಯಿತು. ಬಗ್ಗಿಸುವ ಆಸೆ ಬಿಟ್ಟು, ಅಲ್ಯೂಮಿನಿಯಂ ಕಿಟಕಿ ಮಾಡುವವರ ಹಾಗೆ ಮೂಲೆಗಳಿಗೆ ಎಲ್ ಪಟ್ಟಿ ಕೊಟ್ಟು ಸ್ಕ್ರೂ ಹಾಕುವುದು ಅಂತ ತೀರ್ಮಾನಿಸಿದೆ. ಅದಕ್ಕೆ ರಂಧ್ರ ಕೊರೆಯಬೇಕು. ಡ್ರಿಲ್ಲಿನ ತುದಿ ನಾನು ಗೆರೆ ಎಳೆದ ಕಡೆ ನಿಲ್ಲುತ್ತಿರಲಿಲ್ಲ, ಪಕ್ಕಕ್ಕೆ ಜಾರುತ್ತಿತ್ತು. ಒಂದು ಕಡೆ ಸರಿ ಕೂತರೆ ಎದುರಿನ ಕಡೆ ಕೂದಲೆಳೆಯಷ್ಟು ತಪ್ಪುತ್ತಿತ್ತು. ಅಷ್ಟು ತಪ್ಪಿದರೆ ಸಾಕು, ಸ್ಕ್ರೂ ಒಳಗೆ ಹೋಗುವುದಿಲ್ಲ. ಅರದಲ್ಲಿ ಉಜ್ಜಿ ಸರಿ ಮಾಡೋಣ ಅಂದರೆ ಪುಡಿ ಅರದ ಹಲ್ಲಿಗೇ ಮೆತ್ತಿಕೊಂಡು ಅದು ಬೋಳಾಗುತ್ತಿತ್ತು. ಮಧ್ಯಾಹ್ನವಿಡೀ ಉಜ್ಜಿ, ಸಾಯಂಕಾಲ ಜೋಡಿಸಿ ನೋಡಿದರೆ ಪೆಟ್ಟಿಗೆ ಒಂದು ಕಾಲಿನ ಮೇಲೆ ನಿಂತು ಓಲಾಡುತ್ತಿತ್ತು. ಸಿಟ್ಟು ಕೂಡ ಬರುತ್ತಿರಲಿಲ್ಲ. ನೆಲದ ಮೇಲೆ ಕೂತು ಅದನ್ನೇ ನೋಡುತ್ತಿದ್ದೆ.

ಮೇಲಿನ ಮನೆಯಲ್ಲಿರುವ ಮನೆ ಓನರ್ ಅಮ್ಮ ಒಂದು ದಿನ ಮೆಟ್ಟಿಲಿಳಿದು ಬಂದರು. ಅವರ ಮಾತು ತಮಿಳಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತದೆ. "ಎನ್ನಮ್ಮಾ, ಮನೇನಾ ಫ್ಯಾಕ್ಟರೀನಾ ಇದು? ನನ್ ತಲೆ ಮೇಲೇ ಕೊರ್ದಂಗೆ ಆಗ್ತದೆ."

"ಇನ್ನು ಸ್ವಲ್ಪ ದಿನ ಆಂಟಿ. ಟೆರೇಸಲ್ಲಿ ಮಾಡ್ಲಾ?"

"ಟೆರೇಸಲ್ಲಿ ಬಟ್ಟೆ ಒಣಗ್ತದೆ. ಅಲ್ಲಿ ಬೇಡ."

ಹಾಗಾಗಿ ಒಳಗೇ, ಅಮ್ಮನ ಮಂಚದ ಪಕ್ಕದಲ್ಲೇ, ನೆಲಕ್ಕೆ ಹಳೆ ಸೀರೆ ಹಾಸಿಕೊಂಡು ಮಾಡಿದೆ. ಕೊರೆದಾಗ ಬರುವ ಚೂರುಗಳು ಸುರುಳಿ ಸುರುಳಿಯಾಗಿ ಹೊಳೆಯುತ್ತಿದ್ದವು. ಎಷ್ಟು ಗುಡಿಸಿದರೂ ಹೋಗುತ್ತಿರಲಿಲ್ಲ. ಚಾಪೆಯ ಎಳೆಯಲ್ಲಿ, ಗೋಡೆಯ ಮೇಲಿನ ಬುದ್ಧನ ಪಟದ ಚೌಕಟ್ಟಿನಲ್ಲಿ, ಒಂದು ಸಲ ಸಾರಿನ ಪಾತ್ರೆಯಲ್ಲೂ ಸಿಕ್ಕಿತು. ಒಂದು ಬೆಳಿಗ್ಗೆ ಅಡುಗೆಮನೆಯ ನೆಲದ ಮೇಲೆ ರಕ್ತದ ಕಲೆ ಕಂಡೆ. ಬಚ್ಚಲ ತನಕ ಚುಕ್ಕೆ ಚುಕ್ಕೆ ಹೋಗಿತ್ತು. ಅಮ್ಮ ಬಚ್ಚಲ ಕಲ್ಲಿನ ಮೇಲೆ ಕೂತು ಅಂಗಾಲಿಗೆ ಅರಿಶಿನ ಒತ್ತಿಕೊಳ್ಳುತ್ತಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ ಇದೆ, ಕಾಲಿಗೆ ಗಾಯವಾಗಲೇಬಾರದು.

"ನನ್ನ ಕೂಗ್ಬಾರ್ದಿತ್ತಾ ಅಮ್ಮ?"

"ನೀನು ಮಲಗಿದ್ದೆ. ಸಣ್ಣದು ಬಿಡು."

ಸಣ್ಣದಲ್ಲ. ಹಲಸೂರಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಚೂರು ತೆಗೆದು ಪಟ್ಟಿ ಕಟ್ಟಿದರು. ಸುದ್ದಿ ತಿಳಿದು ಸಾಯಂಕಾಲ ಅಣ್ಣ ಬಂದ. ಬಾಗಿಲಲ್ಲೇ ನಿಂತು ಕೋಣೆಯನ್ನು ನೋಡಿದ. ಅವನು ನನ್ನ ಮೇಲೆ ರೇಗುತ್ತಾನೆ ಅಂದುಕೊಂಡಿದ್ದೆ. ರೇಗಲಿಲ್ಲ.

"ನಿನ್ ಕೆಲಸ ಮುಗಿಯೋವರ್ಗೂ ಅಮ್ಮ ನಮ್ಮನೇಲಿರ್ಲಿ ಕಣೆ," ಅಂದ.

"ಆಯ್ತು," ಅಂದೆ. ಅಮ್ಮ ಮನೆಯೊಳಗೆ ನೆಮ್ಮದಿಯಾಗಿ ಕೂರಲಿ ಅಂತ ಶುರು ಮಾಡಿದ್ದು ಅವಳನ್ನು ಮನೆಯಿಂದಲೇ ಕಳಿಸಿತ್ತು. ನಿಲ್ಲಿಸೋಣ ಅಂದರೆ ಕಂಪ್ಯೂಟರ್ ಬಿಚ್ಚಿಟ್ಟಾಗಿತ್ತು. ಹಳೆ ಕ್ಯಾಬಿನೆಟ್ಟಿನ ತಗಡಿನಿಂದಲೇ ಕೆಲವು ತುಂಡು ಕತ್ತರಿಸಿಕೊಂಡಿದ್ದೆ, ಅದಕ್ಕೆ ವಾಪಸ್ಸು ಹಾಕುವ ಹಾಗೂ ಇರಲಿಲ್ಲ.

ಅಮ್ಮ ಇಲ್ಲದ ಮನೆಯಲ್ಲಿ ಪೆಟ್ಟಿಗೆ ಮುಗಿಯಿತು. ಒಂದು ಮೂಲೆ ಈಗಲೂ ಸೊಟ್ಟಗಿದೆ, ಅದರ ಕೆಳಗೆ ರಬ್ಬರ್ ತುಂಡು ಕೊಟ್ಟಿದ್ದೇನೆ. ಎರಡು ಪಕ್ಕಕ್ಕೂ ಹಲ್ಲಿನ ಪಟ್ಟಿಗಳು, ಮೇಲೆ ರಂಧ್ರ ರಂಧ್ರದ ಮುಚ್ಚಳ, ಒಳಗೆ ತಾಮ್ರದ ಕೊಳವೆಗಳು. ಚೂರು ಒಂದೂ ಉಳಿಯದ ಹಾಗೆ ಬ್ರಶ್ಶಿನಲ್ಲಿ ಒರೆಸಿ, ಟಾರ್ಚ್ ಬಿಟ್ಟು ನೋಡಿ, ಆಮೇಲೆ ಬಟನ್ ಒತ್ತಿದೆ. ಏನೂ ಕೇಳಲಿಲ್ಲ. ಕೆಟ್ಟಿತೇ ಅಂದುಕೊಳ್ಳುವಷ್ಟರಲ್ಲಿ ಪರದೆ ಬೆಳಗಿತು. ಒಂದು ಮದುವೆಯ ಪೂರ್ತಿ ವೀಡಿಯೊ ಓಡಿಸಿ ನೋಡಿದೆ. ಪೆಟ್ಟಿಗೆಯ ಪಕ್ಕದ ಗೋಡೆ ಕಾಫಿ ಲೋಟದಷ್ಟು ಬಿಸಿಯಾಯಿತು, ಆದರೆ ತಡೆಯಿತು. ಗೋಡೆಗೆ ಕೈಯಿಟ್ಟುಕೊಂಡು ತುಂಬಾ ಹೊತ್ತು ನಿಂತಿದ್ದೆ. ಆಮೇಲೆ ಅಣ್ಣನಿಗೆ ಫೋನ್ ಮಾಡಿದೆ.

ಅಮ್ಮ ಭಾನುವಾರ ಬಂದಳು. ಕಾಲಿನ ಗಾಯ ಒಣಗಿತ್ತು. ಪೆಟ್ಟಿಗೆಯನ್ನು ಮುಟ್ಟಿ ನೋಡಿ, "ಚೆನ್ನಾಗಿದೆ, ಬೆಳ್ಳಿ ಥರ," ಅಂದಳು. ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಕೂತೆ. ಕೋಣೆ ಎಷ್ಟು ನಿಶ್ಶಬ್ದವಾಗಿತ್ತು ಅಂದರೆ ಅಮ್ಮ ಬೆಳ್ಳುಳ್ಳಿ ಸಿಪ್ಪೆ ಬಿಡಿಸುವುದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ಸದ್ದೂ ನಿಂತಿತು. ತಿರುಗಿ ನೋಡಿದೆ. ಅಮ್ಮ ಮಂಚದ ಮೇಲಿರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು.

ನಾನೂ ಹೋಗಿ ಪಕ್ಕದಲ್ಲಿ ಕೂತೆ. ಮೊದಲ ಸಲ ಕೇಳಿದೆ. "ಈಗ ಸದ್ದಿಲ್ವಲ್ಲಮ್ಮ. ಯಾಕೆ ಎದ್ದು ಬಂದೆ?"

"ಸದ್ದಾ?" ಅಂದಳು. "ಸದ್ದು ನಂಗೇನು ಮಾಡುತ್ತೆ? ನಿಮ್ಮಪ್ಪ ಇದ್ದಾಗ ಆ ಮೆಷಿನ್ ಸದ್ದು ಕೇಳ್ತಿದ್ರೇನೇ ನಂಗೆ ನಿದ್ದೆ ಬರ್ತಿದ್ದಿದ್ದು."

"ಮತ್ತೆ?"

ಅಮ್ಮ ಬೆಳ್ಳುಳ್ಳಿ ಬಿಡಿಸುತ್ತಲೇ ಇದ್ದಳು. ಒಂದು ಎಸಳಿನ ಸಿಪ್ಪೆ ತೆಗೆದು ಹೇಳಿದಳು, "ನೀನು ಅಲ್ಲಿ ಬಗ್ಗಿ ಕೂತ್ಕೋತೀಯಲ್ಲ, ಹಿಂದಿಂದ ಅವರೇ ಕೂತಂಗೆ ಕಾಣುತ್ತೆ. ಅದೇ ಬೆನ್ನು. ನೋಡ್ತಾ ಕೂತ್ರೆ, ಉಸಿರು ಆಡ್ತಿದೆಯಾ ಇಲ್ವಾ ಅಂತ ನೋಡೋ ಹಾಗಾಗುತ್ತೆ."

ಅಪ್ಪನಿಗೆ ಕಡೆಯ ದಿನಗಳಲ್ಲಿ ಮಲಗಿದರೆ ಉಸಿರು ಕಟ್ಟುತ್ತಿತ್ತು. ಮಂಚದ ಅಂಚಿಗೆ ಕೂತು, ಮುಂದೊಂದು ಸ್ಟೂಲ್, ಅದರ ಮೇಲೆ ದಿಂಬು, ದಿಂಬಿನ ಮೇಲೆ ಮೊಳಕೈ ಊರಿ ಗೋಡೆಯ ಕಡೆ ಬಗ್ಗಿಕೊಂಡೇ ಇರುತ್ತಿದ್ದರು. ನಾನು ಕಾಫಿ ಕೊಡಲು ಹೋದಾಗ ಅವರ ಮುಖ ನೋಡುತ್ತಿದ್ದೆ. ಅಮ್ಮ ತನ್ನ ಮಂಚದಿಂದ ಬೆನ್ನನ್ನು ನೋಡಿಕೊಂಡಿರುತ್ತಿದ್ದಳು. ಅಗಲ ಭುಜ, ಸ್ವಲ್ಪ ಗೂನು, ನನಗೆ ಬಂದಿರುವುದು ಅವರದೇ ಮೈಕಟ್ಟು. ಅದು ನನಗೆ ಗೊತ್ತಿತ್ತು. ಹಿಂದಿನಿಂದ ನಾನು ಹೇಗೆ ಕಾಣುತ್ತೇನೆ ಅಂತ ಮಾತ್ರ ಯಾವತ್ತೂ ಯೋಚಿಸಿರಲಿಲ್ಲ.

"ಮೊದ್ಲೇ ಹೇಳ್ಬಾರ್ದಿತ್ತಾ?"

"ಏನಂತ ಹೇಳ್ಲಿ? ನಿನ್ ಬೆನ್ನನ್ನ ಏನ್ ಮಾಡೋಕಾಗುತ್ತೆ?"

ಆದರೂ ಮಾಡಿ ನೋಡಿದೆವು. ಟೇಬಲನ್ನು ಇಬ್ಬರೂ ಸೇರಿ ಕಿಟಕಿಯ ಕೆಳಗೆ ಎಳೆದೆವು. ಅಲ್ಲಾದರೆ ನಾನು ಅಮ್ಮನಿಗೆ ಪಕ್ಕವಾಗಿ ಕೂರುತ್ತೇನೆ, ಮುಖದ ಒಂದು ಪಾಲಾದರೂ ಕಾಣುತ್ತದೆ. ಅಮ್ಮ ಅಂದು ಒಳಗೇ ಕೂತಳು. ಸ್ಟುಡಿಯೋದವರು ಅವಸರ ಮಾಡುತ್ತಿದ್ದ ಮದುವೆಯೊಂದನ್ನು ಮುಗಿಸುತ್ತಿದ್ದೆ. ಹನ್ನೊಂದರ ಮೇಲೆ ಬಿಸಿಲು ಕಿಟಕಿಯಿಂದ ನೇರ ಪೆಟ್ಟಿಗೆಯ ಮೇಲೆ ಬಿತ್ತು. ಕಿಟಕಿಗೆ ಪರದೆ ಎಳೆದೆ, ರಟ್ಟು ಅಡ್ಡ ಇಟ್ಟೆ. ಆದರೂ ಪೆಟ್ಟಿಗೆಯ ಗೋಡೆ ಮುಟ್ಟಲಾಗದಷ್ಟು ಸುಟ್ಟಿತು. ತಾಳಿ ಕಟ್ಟುವ ಭಾಗಕ್ಕೆ ಬಂದಾಗ ಕಂಪ್ಯೂಟರ್ ತಾನಾಗಿ ಆರಿಹೋಯಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು. ಫ್ಯಾನಿಲ್ಲದ ಪೆಟ್ಟಿಗೆಗೆ ತಂಪು ಜಾಗ ಬೇಕು. ನಮ್ಮ ಮನೆಯಲ್ಲಿ ಬಿಸಿಲು ತಾಗದ ಜಾಗ ಆ ಮೂಲೆಯೊಂದೇ. ಅಲ್ಲಿ ಟೇಬಲನ್ನು ತಿರುಗಿಸಿ ಹಾಕಿ ಕೂರುವಷ್ಟು ಜಾಗವಿಲ್ಲ.

ಅಮ್ಮನೇ ಎದ್ದು ಟೇಬಲಿನ ಒಂದು ತುದಿ ಹಿಡಿದಳು. "ಬಾ, ಅಲ್ಲಿಗೇ ಇಡೋಣ. ನಿನ್ ಕೆಲಸ ನಿಲ್ಬಾರ್ದು."

ಫ್ಯಾನಿರುವ ಹೊಸ ಕ್ಯಾಬಿನೆಟ್ಟಿಗೆ ದುಡ್ಡಾಗಲಿ, ಮತ್ತೊಂದು ಪೆಟ್ಟಿಗೆ ಮಾಡುವ ಶಕ್ತಿಯಾಗಲಿ ನನ್ನಲ್ಲಿರಲಿಲ್ಲ. ಸ್ಟುಡಿಯೋಕ್ಕೆ ವಾಪಸ್ಸು ಹೋಗೋಣ ಅಂದರೆ ನನ್ನ ಕುರ್ಚಿಯಲ್ಲಿ ಬೇರೊಬ್ಬರು ಕೂತಾಗಿತ್ತು. ನೆಟ್ಟಗೆ ಕೂರಲು ಪ್ರಯತ್ನಿಸಿದೆ. ಕೆಲಸದಲ್ಲಿ ಮುಳುಗಿದರೆ ಬೆನ್ನು ತಾನಾಗಿ ಬಾಗುತ್ತದೆ, ನನಗೆ ಗೊತ್ತಾಗುವುದೂ ಇಲ್ಲ. ಮೆಟ್ಟಿಲ ಕಡೆಗೆ ಅಮ್ಮನ ಚಪ್ಪಲಿ ಸದ್ದಾದಾಗಲೇ ಗೊತ್ತಾಗುತ್ತಿದ್ದದ್ದು.

ಯುಗಾದಿ ಕಳೆದು ಮದುವೆ ಸೀಸನ್ ಬಂತು. ಕೆಲಸ ಬೆಳಗಿನಿಂದ ರಾತ್ರಿಯ ತನಕ ನಡೆಯತೊಡಗಿತು. ಹೊರಗೆ ಬಿಸಿಲು ಮೆಟ್ಟಿಲನ್ನು ಕಾಯಿಸುತ್ತಿತ್ತು. ಒಂದು ದಿನ ಅಮ್ಮ ತನ್ನ ಸೀರೆಗಳನ್ನು ಬ್ಯಾಗಿಗೆ ಹಾಕಿಕೊಳ್ಳುತ್ತಾ, "ಈ ಸೀಸನ್ ಮುಗಿಯೋವರ್ಗೂ ನಿಮ್ಮಣ್ಣನ ಮನೇಲಿರ್ತೀನಿ. ಭಾನುವಾರ ಬರ್ತೀನಿ," ಅಂದಳು. ಅವಳ ಮಾತಿನಲ್ಲಿ ಬೇಸರವಿರಲಿಲ್ಲ. ಹೋಗಬೇಡ ಅಂದರೂ, ಇಲ್ಲಿದ್ದು ಏನು ಮಾಡು ಅಂತ ಹೇಳಲಿ?

ಓಲ್ಡ್ ಮದ್ರಾಸ್ ರೋಡಿನ ಬಸ್ ಸ್ಟಾಪಿನ ತನಕ ಬ್ಯಾಗ್ ಹಿಡಿದುಕೊಂಡು ಹೋದೆ. ಮೆಟ್ರೋ ಬೇಗ ಹೋಗುತ್ತದೆ ಅಂದರೆ ಅವಳಿಗೆ ಅಲ್ಲಿನ ಓಡುವ ಮೆಟ್ಟಿಲಿನ ಭಯ. ನೆರಳಿಲ್ಲದ ಸ್ಟಾಪಿನಲ್ಲಿ ಇಬ್ಬರೂ ನಿಂತೆವು.

"ಊಟ ಟೈಮಿಗೆ ಮಾಡು."

"ಹೂಂ."

"ಕೂತೇ ಇರ್ಬೇಡ. ನಡುವೆ ಎದ್ದು ಓಡಾಡು."

"ಆಯ್ತಮ್ಮ. ಕಾಲು ನೋಡ್ಕೋ."

ಬಸ್ ಬಂತು, ತುಂಬಿತ್ತು. ಅಮ್ಮ ಒಂದು ಕೈಯಲ್ಲಿ ಆಧಾರ್ ಕಾರ್ಡ್ ಹಿಡಿದುಕೊಂಡು ಕಂಬಿ ಹಿಡಿದು ಹತ್ತಿದಳು. ನಾನು ಬ್ಯಾಗನ್ನು ಅವಳ ಕಾಲ ಹತ್ತಿರ ಇಟ್ಟೆ. ಬಾಗಿಲು ಮುಚ್ಚಿಕೊಂಡಿತು. ಕಿಟಕಿಯಲ್ಲಿ ಹುಡುಕಿದಾಗ ಅಮ್ಮ ಕಂಡಕ್ಟರಿಗೆ ಕಾರ್ಡು ತೋರಿಸುತ್ತಿದ್ದಳು. ಅವಳು ನನ್ನ ಕಡೆ ತಿರುಗುವಷ್ಟರಲ್ಲಿ ಬಸ್ ಸಿಗ್ನಲ್ ದಾಟಿತ್ತು.